ಮಾತಾಡಿಸಲು ಎರಡು ದಿನ ರಜೆ

ಗೆಳೆಯರೇ, ಇವತ್ತು ಬಿಡದಿಯ ಫ್ಯಾಕ್ಟರಿಯಲ್ಲಿ ನನ್ನ ರಜೆ ಅರ್ಜಿ ವಾಪಸ್ ಬಂತು. ಹಾವೇರಿಯಲ್ಲಿ ದೊಡ್ಡಮ್ಮ ಕಾಲು ಮುರಿದುಕೊಂಡಿದ್ದಾಳೆ, ಮಾತಾಡಿಸಿಕೊಂಡು ಬರಬೇಕು. ಅದನ್ನೇ ಇಂಗ್ಲಿಷಿನಲ್ಲಿ ‘ಟಾಕ್’ ಮಾಡಬೇಕು ಎಂದು ಬರೆದಿದ್ದೆ.

ಹೊರರಾಜ್ಯದ ಮ್ಯಾನೇಜರ್ ತಮ್ಮ ಅರೆಬರೆ ಕನ್ನಡದಲ್ಲಿ, "ಟಾಕ್‌ಗೆ ರಜೆ ಯಾಕೆ? ಫೋನ್ ಇದೆ ಅಲ್ಲಾ" ಎಂದರು.

ವಿರೂಪಾಕ್ಷಿಪುರದ ಸೂಪರ್‌ವೈಸರ್ ಶಿವಣ್ಣ ನನ್ನ ಪರ ನಿಂತರು. "ಫೋನಲ್ಲಿ ಆಯ್ತದಾ ಸಾರ್? ಹಣ್ಣು ತಕ್ಕಂಡೋಗ್ಬೇಕು, ಪಕ್ಕದಲ್ಲಿ ಒಸಿ ಹೊತ್ತು ಕೂರ್ಬೇಕು, ಕೊಟ್ಟ ಕಾಫಿ ಕುಡೀಬೇಕು. ಬಾಯಿ ಬುಡ್ದೇ ಇದ್ರೂ ಮಾತಾಡ್ಸ್‌ದಂಗೇಯ."

ಮ್ಯಾನೇಜರ್ ನಕ್ಕು ಎರಡು ದಿನ ಕೊಟ್ಟರು.

ದೊಡ್ಡಮ್ಮ ಸಿಟ್ಟಿನಲ್ಲಿ ನನ್ನ ಫೋನ್ ಎತ್ತದೆ ವರ್ಷವಾಯಿತು ಎಂದು ಇಬ್ಬರಿಗೂ ಹೇಳಲಿಲ್ಲ. ಆದರೆ ಬಾಗಿಲಿಗೆ ಬಂದವನಿಗೆ ಚಹಾ ಕೊಡದೆ ಕಳಿಸುವವಳಲ್ಲ ಅವಳು.