ರಸ್ತೆಗೆ ಮುಖ ಮಾಡಿದ ಗಾಜಿನ ಕೋಣೆ

ನಿಮ್ಮೂ ಎಂಬ ಹಳ್ಳಿಯ ಇಶೆ ಮೋರುಪ್ ಜಿಪುಣನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಲೇಹ್ ಪೇಟೆಯಲ್ಲಿ ತಗಡಿನ ಒಲೆ, ಹೊಗೆಕೊಳವೆ, ಗಾಜು ಮಾರುವ ನನ್ನಂಥವನಿಗೆ ಚೌಕಾಸಿ ಮಾಡದೆ ಕೊಳ್ಳುವ ಗಿರಾಕಿಯ ಮೇಲೆ ಒಂದು ಬಗೆಯ ಭಕ್ತಿಯೇ ಇರುತ್ತದೆ. ಸೇನೆಯ ಶಿಬಿರಗಳಿಗೆ ಆಲೂಗಡ್ಡೆ, ಮೂಲಂಗಿ ಒದಗಿಸಿ ಮೇಲೆ ಬಂದ ಮನುಷ್ಯ ಅವನು. ಕುಳ್ಳು, ಅಗಲ ಭುಜ, ನಕ್ಕರೆ ಕಣ್ಣು ಮಾಯ. ಹೆಂಡತಿ ತೀರಿಕೊಂಡ ಮೇಲೆ ಮಗಳು ಕುನ್ಜೆಸ್‌ಳನ್ನು ತಾನೇ ಜಡೆ ಹೆಣೆದು ಬೆಳೆಸಿದ. ನೆರೆಯವರ ಮನೆಯಲ್ಲಿ ಬೆರಣಿ ಮುಗಿದರೆ ಕೇಳುವ ಮೊದಲೇ ಒಂದು ಚೀಲ ಹೊತ್ತು ಹಾಕುತ್ತಿದ್ದ. ಆದರೆ ಚೀಲವನ್ನು ಹಿತ್ತಿಲಿನಿಂದ ಒಯ್ಯುತ್ತಿರಲಿಲ್ಲ, ರಸ್ತೆ ಸುತ್ತಿಕೊಂಡು ಒಯ್ಯುತ್ತಿದ್ದ. ಅವನ ಒಂದೇ ದೌರ್ಬಲ್ಯ ಅದು. ಮಾಡಿದ್ದು ಕಾಣಬೇಕು.

ಮಗಳಿಗೆ ತೆಮಿಸ್ಗಾಂ ಊರಿನ ದೊಡ್ಡಮನೆಯಿಂದ ಸಂಬಂಧ ಬರುವ ಸುಳಿವು ಸಿಕ್ಕಿದ್ದೇ ತಡ, ಅವನು ನನ್ನ ಅಂಗಡಿಗೆ ಬಂದ.

“ಮಹಡಿ ಮೇಲೆ ಗಾಜಿನ ಕೋಣೆ ಕಟ್ತೀನಿ ಮಾವ. ನೆಲದಿಂದ ಸೂರಿನ ತನಕ ಗಾಜು. ರಸ್ತೆ ಕಡೆಗೆ.”

“ರಸ್ತೆ ನಿನ್ನ ಮನೆಯ ಬಡಗಲಿಗಿದೆ. ಗಾಜಿನ ಕೋಣೆ ಅಂದ್ರೆ ಬಿಸಿಲು ಹಿಡಿಯೋ ಬೋನು. ತೆಂಕಲಿಗೆ ಕಟ್ಟು.”

“ತೆಂಕಲಿಗೆ ಆಡಿನ ಕೊಟ್ಟಿಗೆ ಇದೆ. ಅಲ್ಲಿ ಯಾರು ನೋಡ್ತಾರೆ?”

“ಸೂರ್ಯ ನೋಡ್ತಾನೆ.”

“ಸೂರ್ಯ ನೋಡಿದ್ರೆ ಏನು ಬಂತು? ಊರು ನೋಡ್ಬೇಕು.”

ಗಿರಾಕಿ ಇಷ್ಟು ಹೇಳಿದ ಮೇಲೆ ವ್ಯಾಪಾರಿಗೆ ಬೇರೆ ಅಭಿಪ್ರಾಯ ಇರಬಾರದು. ಗಾಜು ಕೊಟ್ಟೆ. ಕೋಣೆಯ ಸೂರನ್ನು ಅವನು ಬೌದ್ಧರ ಮಠ ಗೊಂಪಾದಷ್ಟು ಎತ್ತರಕ್ಕೆ ಏರಿಸಿ ಅದಕ್ಕೆ ಡ್ರ್ಯಾಗನ್ ಬರೆಸಿದ. ಒಲೆಯ ಕೊಳವೆ ಗಾಜಿನ ಅಂದ ಕೆಡಿಸಬಾರದೆಂದು ಒಲೆಯನ್ನು ದೂರದ ತುದಿಗೆ, ಬಾಗಿಲ ಪಕ್ಕಕ್ಕೆ ಇಡಿಸಿದ.

ಈಗ ನಮ್ಮ ಕಡೆ ಕೂರುವ ಕ್ರಮ ನೆನಪಿಡಿ. ಅತಿಥಿಗಳು ಗೋಡೆಯುದ್ದಕ್ಕೂ ಸಾಲಾಗಿ ಕೂರುತ್ತಾರೆ. ಹಿರಿಯರು ಸಾಲಿನ ತಲೆಗೆ, ಕಿರಿಯರು ಬಾಗಿಲ ಕಡೆಗೆ. ಒಮ್ಮೆ ಕೂತ ಹಿರಿಯನಿಗೆ “ಸ್ವಲ್ಪ ಕೆಳಗೆ ಸರೀರಿ” ಎನ್ನುವುದೂ ಅವನ ತಲೆಯ ಟೋಪಿ ಕಿತ್ತು ನೆಲಕ್ಕೆ ಹಾಕುವುದೂ ಒಂದೇ. ಹಳೆಯ ಅಡುಗೆಮನೆಗಳಲ್ಲಿ ಸಾಲಿನ ತಲೆ ಒಲೆಯ ಪಕ್ಕಕ್ಕೇ ಇರುತ್ತದೆ, ಅಜ್ಜಂದಿರು ಅಷ್ಟು ಲೆಕ್ಕ ಹಾಕಿದ್ದರು. ಮೋರುಪ್‌ನ ಹೊಸ ಕೋಣೆಯಲ್ಲಿ ಸಾಲಿನ ತಲೆ ಗಾಜಿಗೆ ಅಂಟಿಕೊಂಡಿತ್ತು. ರಸ್ತೆಯಲ್ಲಿ ಹೋಗುವವರಿಗೆ ಕಾಣಬೇಕಾದವರು ಹಿರಿಯರೇ ತಾನೆ!

ಗಂಡಿನ ಕಡೆಯವರು ಕೊರೆಯುವ ಚಳಿಗಾಲದ ಒಂದು ಮಧ್ಯಾಹ್ನ ‘ಕೇಳುವ ಛಂಗ್’ ಹೊತ್ತು ಬಂದರು. ಬಾರ್ಲಿಯ ಆ ಕಳ್ಳನ್ನು ಗಂಡಿನ ಕಡೆಯ ಹಿರಿಯ ತನ್ನ ಕೈಯಾರೆ ಬಗ್ಗಿಸಿ ಕೊಡಬೇಕು, ಹೆಣ್ಣಿನ ತಂದೆ ಕುಡಿದರೆ ಮಾತು ಗಟ್ಟಿ. ಆ ಹಿರಿಯರು ವರನ ದೊಡ್ಡಜ್ಜ ಗ್ಯಾಲ್ಸನ್, ಎಲ್ಲರೂ ಕರೆಯುವುದು ಮೇಮೆ, ಅಂದರೆ ಅಜ್ಜ. ಹಿತ್ತಾಳೆಯ ಛಂಗ್ ಗಿಂಡಿಯನ್ನು ಮುಂದಿಟ್ಟುಕೊಂಡು ಅವರು ಗಾಜಿನ ಪಕ್ಕ ಕೂತರು. ಗಾಜು ಕೊಟ್ಟವನೆಂದು ಮೋರುಪ್ ಕರೆಸಿಕೊಂಡಿದ್ದ ನನ್ನನ್ನು ನಡುಮಧ್ಯೆ ಕೂರಿಸಿದರು. ಕೊನೆಯಲ್ಲಿ, ಒಲೆಗೆ ಆತುಕೊಂಡು, ಅವರ ವ್ಯಾನಿನ ಡ್ರೈವರ್ ಸ್ಕರ್ಮಾ.

ಒಲೆಯ ಬಿಸಿ ಬೆಳಕಿನ ಹಾಗೆ, ನೇರವಾಗಿ ಎದುರಿಗಿದ್ದವನಿಗೆ ಹೊಡೆಯುತ್ತದೆ, ಮರೆಯಲ್ಲಿದ್ದವನನ್ನು ವಿಚಾರಿಸುವುದಿಲ್ಲ, ದೂರ ಹೋದಷ್ಟೂ ಸೊರಗುತ್ತದೆ. ಡ್ರೈವರ್ ಸ್ಕರ್ಮಾ ಕೋಟು ಬಿಚ್ಚಿದ, ಆಮೇಲೆ ಸ್ವೆಟರ್ ಬಿಚ್ಚಿದ. ನನ್ನ ಒಂದು ಕೆನ್ನೆ ರೊಟ್ಟಿಯ ಹಾಗೆ ಬೆಂದಿತ್ತು, ಇನ್ನೊಂದು ಹಸಿಹಿಟ್ಟು. ಮೇಮೆಯ ಬೆನ್ನಿನ ಕಾವನ್ನೆಲ್ಲ ಆ ತಣ್ಣನೆಯ ಗಾಜು ಸದ್ದಿಲ್ಲದೆ ಹೀರಿಕೊಳ್ಳುತ್ತಿತ್ತು. ಒಲೆ ಕಾಯಿಸಿದ ಗಾಳಿ ಎದ್ದು ಸೂರಿಗೆ ಹೋಗಿ ಡ್ರ್ಯಾಗನ್ನಿನ ಹೊಟ್ಟೆ ಬೆಚ್ಚಗೆ ಮಾಡುತ್ತಿತ್ತು. ಚಳಿಗೆ ಸತ್ತಂತೆ ಬಿದ್ದಿದ್ದ ನೊಣವೊಂದು ಅಲ್ಲಿ ಎದ್ದು ಬೇಸಿಗೆ ಬಂತೆಂದು ಹಾರಾಡುತ್ತಿತ್ತು. ಆ ಗಾಳಿಯೇ ಗಾಜನ್ನು ಮುಟ್ಟಿ ತಣ್ಣಗಾಗಿ ಕೆಳಗೆ ಜಾರಿ, ಮೇಮೆಯ ಕತ್ತಿನಿಂದ ಕಾಲಿಗಿಳಿದು, ನೆಲ ಹಿಡಿದು ಮತ್ತೆ ಒಲೆಯ ಕಡೆಗೆ ಹರಿಯುತ್ತಿತ್ತು.

“ಬೆಚ್ಚಗಿದ್ದೀರಾ ಮೇಮೆ-ಲೆ?” ಮೋರುಪ್ ಗೌರವದ ‘ಲೆ’ ಸೇರಿಸಿ ಕೇಳಿದ.

“ಬಹಳ ಬೆಚ್ಚಗಿದೆ. ನಮ್ಮ ಮನೇಲಿ ಇಷ್ಟಿಲ್ಲ.” ಮರ್ಯಾದಸ್ಥ ಮುದುಕ. ಹಲ್ಲು ಕಟಕಟ ಎನ್ನುವುದನ್ನು ನಗುವಿನಲ್ಲಿ ಮುಚ್ಚಿದರು.

ಅವರ ಬಟ್ಟಲಿನ ಉಪ್ಪು-ಬೆಣ್ಣೆಯ ಚಹದ ಮೇಲೆ ಬೆಣ್ಣೆ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂತಿತ್ತು. ಮೋರುಪ್ ಅದನ್ನು ನೋಡಿದ. ನೋಡಿದವನೇ ಹೋಗಿ ಒಲೆಗೆ ಇನ್ನೂ ಎರಡು ತೆಕ್ಕೆ ಬೆರಣಿ ತುರುಕಿದ. ಒಲೆ ಕೆಂಪಗಾಯಿತು, ಬುಸುಗುಟ್ಟಿತು, ಗಾಜಿನ ಸಂದುಗಳಿಂದ ಹೊರಗಿನ ಗಾಳಿಯನ್ನು ಇನ್ನೂ ಜೋರಾಗಿ ಎಳೆದುಕೊಂಡಿತು. ಮೇಮೆ ಕಾಲುಗಳನ್ನು ನಿಲುವಂಗಿಯೊಳಗೆ ಎಳೆದುಕೊಂಡರು. ಅವನು ಮತ್ತೆ ತುರುಕಿದ. ಎಷ್ಟು ಉರಿಸಿದನೋ ಹಿರಿಯರ ಪಾದ ಅಷ್ಟು ತಣ್ಣಗಾಯಿತು.

“ಅಚೋ ಮೋರುಪ್, ಸಾಕು ಮಾಡಣ್ಣ! ನನ್ನನ್ನೇ ಹುರಿದು ಬಡಿಸ್ತೀಯಾ?” ಎಂದ ಸ್ಕರ್ಮಾ, ಬೆವರು ಒರೆಸುತ್ತ. “ಮೇಲಿನೋರು ಕಂಬಳಿ ಹೊದ್ದಿದ್ದಾರೆ, ಇಲ್ಲಿ ನನಗೆ ಅಂಗಿ ಭಾರ ಆಗಿದೆ. ಒಂದೇ ಕೋಣೇಲಿ ಹಿಮದ ಚಾಂಗ್ ಲಾ ಘಾಟೂ ಇದೆ, ಸುಡೋ ಜಮ್ಮುನೂ ಇದೆ.”

ಕಿರಿಯರು ಕಿಸಕ್ಕೆಂದರು. ಹಿರಿಯರು ಬಟ್ಟಲು ನೋಡಿದರು. ಮೋರುಪ್ ಒಲೆಯ ಬಾಗಿಲು ಹಿಡಿದು ಬಗ್ಗಿಯೇ ಇದ್ದ, ತಿರುಗಲಿಲ್ಲ.

ಕೊನೆಗೆ ಮೇಮೆ ಗ್ಯಾಲ್ಸನ್ ಗಂಟಲು ಸರಿ ಮಾಡಿಕೊಂಡು ಎದ್ದು ನಿಂತರು. ಹೆಣ್ಣು ಕೇಳುವ ಮಾತಿನ ಮೊದಲ ಸಾಲು ಶುರು ಮಾಡಿ ಗಿಂಡಿ ಎತ್ತಿದರು. ಮರಗಟ್ಟಿದ ಬೆರಳು ಹಿತ್ತಾಳೆಯನ್ನು ಹಿಡಿಯಲೇ ಇಲ್ಲ. ಗಿಂಡಿ ಜಾರಿ, ಮೇಜಿಗೆ ತಗುಲಿ, ಮಗ್ಗುಲಾಯಿತು. ಛಂಗ್ ಹೊಸ ಕಂಬಳಿಯ ಮೇಲೆ ಹರಿಯಿತು.

ಕೇಳುವ ಛಂಗ್ ಚೆಲ್ಲಿದರೆ ಅಪಶಕುನ, ಸಂಬಂಧ ಮುರಿದಂತೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಂಡಿನ ಸೋದರಮಾವ ಆಗಲೇ ಟೋಪಿ ಕೈಗೆ ತೆಗೆದುಕೊಂಡಿದ್ದ, ಹೊರಡುವವನ ಹಾಗೆ.

“ವಯಸ್ಸಾಯ್ತು ನೋಡಿ,” ಎಂದರು ಮೇಮೆ. ಮುಖ ಕಪ್ಪಿಟ್ಟಿತ್ತು. “ಕೈ ಮಾತು ಕೇಳಲ್ಲ. ನನ್ನನ್ನ ಕಳಿಸಬಾರದಿತ್ತು. ಕ್ಷಮಿಸಿಬಿಡಿ.”

ಅಷ್ಟಕ್ಕೇ ಬಿಡಬಹುದಿತ್ತು. ಮುದುಕನ ಕೈ ಮೇಲೆ ತಪ್ಪು ಹಾಕಿ ಮೋರುಪ್ ತನ್ನ ಕೋಣೆಯನ್ನು ಉಳಿಸಿಕೊಳ್ಳಬಹುದಿತ್ತು. ಒಂದು ಗಳಿಗೆ ಉಳಿಸಿಕೊಂಡ ಕೂಡ. “ಇರಲಿ ಮೇಮೆ-ಲೆ, ವಯಸ್ಸು ಯಾರನ್ನ ಬಿಟ್ಟಿದೆ” ಎಂದುಬಿಟ್ಟ. ನಾನು ಕೇಳಿದೆ. ಆಗತಾನೆ ಬಿಸಿ ಚಹದ ಕೆಟಲ್ ಹಿಡಿದು ಒಳಬಂದಿದ್ದ ಕುನ್ಜೆಸ್ ಕೂಡ ಕೇಳಿದಳು. ಅವಳು ಅಪ್ಪನನ್ನು ನೋಡಲಿಲ್ಲ. ಕೆಟಲ್ ಕೆಳಗಿಟ್ಟು, ಮೇಮೆಯ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಕೂತಳು. ಮಾತುಕತೆ ಮುಗಿಯುವ ಮೊದಲು ಹೆಣ್ಣು ಗಂಡಿನ ಕಡೆಯವರ ಹತ್ತಿರ ಸುಳಿಯಬಾರದು. ಯಾರೂ ಬೈಯಲಿಲ್ಲ.

ಮೋರುಪ್‌ನ ಮುಖ ನೋಡಲಾಗಲಿಲ್ಲ ನನಗೆ. ಕಿವಿಗಳು ಒಲೆಗಿಂತ ಕೆಂಪಗಿದ್ದವು.

“ಮೇಮೆ-ಲೆ,” ಎಂದ. “ಸುಳ್ಳಾಡಿದೆ. ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ. ಆ ಕೈ ಮರಗಟ್ಟಿದ್ದು ನನ್ನಿಂದ. ಊರಿಗೆ ತೋರಿಸೋಕೆ ನಿಮ್ಮನ್ನ ಗಾಜಿನ ಹತ್ರ ಕೂರಿಸಿದೆ. ನೀವು ನಡುಗೋದು ನೋಡಿದ್ದೆ. ಕೆಳಗೆ ಹಳೇ ಅಡುಗೆಮನೆ ಇದೆ, ಮಸಿ ಹಿಡಿದದ್ದು. ದಯವಿಟ್ಟು ಅಲ್ಲಿಗೆ ಬನ್ನಿ.”

ಸಾಲು ಎದ್ದಿತು. ಕ್ರಮ ತಪ್ಪದೆ ಮೇಮೆ ಮುಂದೆ, ಸ್ಕರ್ಮಾ ಕೊನೆಗೆ, ಕಂಬಳಿ ಹೊದ್ದು ಒಬ್ಬರ ಹಿಂದೊಬ್ಬರು. ಅದೇ ಹೊತ್ತಿಗೆ ರಸ್ತೆಯಲ್ಲಿ ಲೇಹ್ ಬಸ್ಸು ಬಂದು ನಿಂತಿತ್ತು. ಕಿಟಕಿಗಳ ತುಂಬ ಮುಖಗಳು. ನೆಲದಿಂದ ಸೂರಿನ ತನಕ ಇದ್ದ ಗಾಜಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಮೋರುಪ್ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಮರೆಯಾಗಲು ಆ ಕೋಣೆಯಲ್ಲಿ ಒಂದು ಮೂಲೆಯೂ ಇರಲಿಲ್ಲ.

ಕೆಳಗಿನ ಅಡುಗೆಮನೆಯ ದಪ್ಪ ಮಣ್ಣಿನ ಗೋಡೆ ಹಗಲೆಲ್ಲ ತೆಂಕಲ ಬಿಸಿಲು ಕುಡಿದಿತ್ತು, ಈಗ ನಿಧಾನಕ್ಕೆ ಒಳಗೆ ಬಿಡುತ್ತಿತ್ತು. ಸೂರು ತಗ್ಗು. ಒಲೆಯ ಪಕ್ಕದ ಸಾಲಿನ ತಲೆಗೆ ಮೇಮೆ ಕೂತು ಬೆರಳು ಚಾಚಿದರು. ಬಹಳ ಹೊತ್ತಾದ ಮೇಲೆ ಬೆರಳು ಮಡಚಿದವು. ಗಿಂಡಿಯ ತಳದಲ್ಲಿ ಒಂದು ಗುಟುಕು ಛಂಗ್ ಉಳಿದಿತ್ತು. ಅದನ್ನು ಬಗ್ಗಿಸಿ, ಮಾತನ್ನು ಮೊದಲಿನಿಂದ ಪೂರ್ತಿ ಹೇಳಿ, ಮೋರುಪ್‌ಗೆ ಚಾಚಿದರು.

ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ.

“ಒಂದು ಷರತ್ತು,” ಎಂದರು ಮೇಮೆ. “ನಮ್ಮಲ್ಲಿ ಮದುವೆ ಚಳಿಗಾಲದಲ್ಲೇ ಆಗೋದು. ಇವನ ಮನೇದು ಮಾತ್ರ ಬೇಸಿಗೇಲಿ ಇಟ್ಕೊಳ್ಳೋಣ.”

ಅಡುಗೆಮನೆ ಬಿದ್ದು ಬಿದ್ದು ನಕ್ಕಿತು. ಸ್ಕರ್ಮಾ ತೊಡೆ ತಟ್ಟಿದ. ನಾನೂ ನಕ್ಕೆ, ಸುಳ್ಳೇಕೆ. ಮೋರುಪ್ ಮಾತ್ರ ಖಾಲಿ ಬಟ್ಟಲನ್ನು ಹಿಡಿದುಕೊಂಡು ಹೋಗಿ ಸಾಲಿನ ಕಟ್ಟಕಡೆಗೆ, ಡ್ರೈವರನಿಗೂ ಕೆಳಗೆ, ತಣ್ಣನೆಯ ಹೊಸ್ತಿಲ ಮೇಲೆ ಕೂತ.

“ಏಯ್ ಮೋರುಪ್, ಹೆಣ್ಣಿನ ತಂದೆ ನೀನು, ಮೇಲೆ ಬಾ,” ಎಂದು ಮೇಮೆ ಕರೆದರು. ಮತ್ತೊಮ್ಮೆ ಕರೆದರು.

“ಇಲ್ಲೇ ಸರಿ ಮೇಮೆ-ಲೆ,” ಎಂದ ಅವನು, ಕಣ್ಣೆತ್ತದೆ.