ಗೇಟಿನ ಹೊರಗೆ ನಿಂತು ಹತ್ತುವುದಿಲ್ಲ

ನಾನು ನೀಲಗಂಗಮ್ಮ. ಕಲಬುರಗಿಯ ಕೋಟನೂರಿನಲ್ಲಿ ಮನೆ. ಲಾರಿ ಓಡಿಸುತ್ತೇನೆ. ನಡುವೆ ಕೆಲವು ವರ್ಷ ಬಿಟ್ಟಿದ್ದೆ.

ಕಲಿಸಿದವನು ನನ್ನ ಗಂಡ ಸೂಗಪ್ಪ. ನಮಗೆ ಮಕ್ಕಳಾಗಲಿಲ್ಲ. ಅವನು ಲೋಡ್ ಹೊತ್ತು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಸಾಕಾಗಿ ನಾನೂ ಕ್ಯಾಬಿನ್ ಹತ್ತಿದೆ. ಮೊದಲು ಕ್ಲೀನರ್ ಕೆಲಸ ಮಾಡಿದೆ, ಆಮೇಲೆ ಸ್ಟೇರಿಂಗ್ ಹಿಡಿದೆ. ದೊಡ್ಡ ಗಾಡಿಯ ಲೈಸೆನ್ಸೂ ಸಿಕ್ಕಿತು. ಸೊಲ್ಲಾಪುರ, ಲಾತೂರು, ಹೈದರಾಬಾದು ಎಲ್ಲ ಕಡೆ ಓಡಿಸಿದ್ದೇನೆ. ಒಬ್ಬರು ಮಲಗಿದರೆ ಇನ್ನೊಬ್ಬರು ಓಡಿಸುತ್ತಿದ್ದೆವು.

ಆಮೇಲೆ ಅವನ ಕಿಡ್ನಿ ಹೋಯಿತು. ಗಾಡಿ ಮಾರಿದೆವು. ಹೋದ ಶ್ರಾವಣದಲ್ಲಿ ಅವನೂ ಹೋದ. ಅಂದಿನಿಂದ ನನಗೆ ಮನೆಯಲ್ಲಿ ನಿದ್ದೆ ಇಲ್ಲ. ಅವನು ಮಲಗಿದಾಗ ನಾನು ಎಚ್ಚರ ಇರಬೇಕು ಎನ್ನುವುದು ಮೈಗೆ ಹತ್ತಿಬಿಟ್ಟಿದೆ.

ಮತ್ತೆ ಗಾಡಿ ಓಡಿಸುತ್ತೇನೆ ಎಂದಾಗ, ಮಗ ಹೋದ ಮೇಲೆ ನನ್ನ ಜೊತೆ ಇರಲು ಬಂದಿದ್ದ ಅತ್ತೆ ಹಣೆ ಚಚ್ಚಿಕೊಂಡಳು.

"ಬ್ಯಾಡವ್ವ. ಮಂದಿ ಏನಂದಾರು?"

"ಮಂದಿ ಡೀಸೆಲ್ ಹಾಕ್ತಾರೇನತ್ತಿ?"

ಕಲಬುರಗಿಯಲ್ಲಿ ಅಣವೀರಪ್ಪ ಸಾವಕಾರರ ಟ್ರಾನ್ಸ್‌ಪೋರ್ಟ್ ದೊಡ್ಡದು. ಮೊದಲು ಅಲ್ಲಿಗೇ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಸಾವಕಾರರು, "ಡ್ರೈವರ್‌ಗೋಳಿಗೆ ರೊಟ್ಟಿ ಮಾಡೋಕಿ ಆಗಲೇ ಸಿಕ್ಕಾಳ ತಂಗಿ," ಎಂದರು.

"ರೊಟ್ಟಿ ಮಾಡಾಕ ಬಂದಿಲ್ರಿ. ಗಾಡಿ ಹೊಡಿಯಾಕ ಬಂದೀನಿ."

ನಕ್ಕರು. ಲೈಸೆನ್ಸ್ ನೋಡಿದ ಮೇಲೆ ನಗು ನಿಲ್ಲಿಸಿ ತಮ್ಮ ಡ್ರೈವರ್ ಅಜಿತನ ಜೊತೆ ರಿಂಗ್ ರೋಡಿಗೆ ಕಳಿಸಿದರು. ಓಡಿಸಿದೆ. ತಿರುಗಿ ಬಂದು ಅಜಿತ ಹೇಳಿದ, "ಛಂದ ಹೊಡೀತಾಳ್ರಿ ಸಾವಕಾರ್ರ. ಅಡ್ಡ ಬಂದವ್ರಿಗೆ ನನಗಿಂತ ಛಂದ ಬೈತಾಳ."

ಸಾವಕಾರರು ಒಪ್ಪಿದರು. ಹೊಸ ಗಾಡಿ ತೋರಿಸಿದರು. ತಂಪು ಕ್ಯಾಬಿನ್, ಮಲಗಲು ಜಾಗ, ಹೈದರಾಬಾದಿನ ಲೈನ್. ನಾನು ಸೀಟು ಮುಟ್ಟಿ ನೋಡಿದೆ. ಆಗ ಅವರು ದನಿ ತಗ್ಗಿಸಿದರು.

"ಒಂದು ಮಾತು ತಂಗಿ. ಮುಂಜಾನೆ ಪೂಜಿ ಮಾಡಿ, ಗಾಲಿ ಕೆಳಗ ನಿಂಬಿಹಣ್ಣ ಇಟ್ಟು ಗಾಡಿ ಬಿಡ್ತೀವಿ. ಆವಾಗ ಸ್ಟೇರಿಂಗಿಗೆ ನೀ ಇರೋದು ಬ್ಯಾಡ. ಗೇಟಿನ ಹೊರಗಿನ ತನಕ ಅಜಿತ ತರ್ತಾನ. ಅಲ್ಲಿ ನಿಂತು ಹತ್ತಿಕೋ."

"ಯಾಕ್ರಿ?"

ನನ್ನ ಹಣೆ ನೋಡಿದರು. ವಿಭೂತಿ ಇತ್ತು, ಕುಂಕುಮ ಇರಲಿಲ್ಲ.

"ನಿನಗ ಗೊತ್ತದ."

"ಗೇಟ್ ದಾಟಿದ ಮ್ಯಾಲ ನನ್ನ ಗಂಡ ಎದ್ದು ಬರ್ತಾನೇನ್ರಿ?"

ಸಾವಕಾರರು, "ವಿಚಾರ ಮಾಡಿ ಬಾ," ಎಂದರು.

ಮನೆಗೆ ಬಂದರೆ ಅತ್ತೆ ಬೈದಳು. "ನಾಕು ಹೆಜ್ಜಿ ನಡದು ಹತ್ತಿದ್ರ ನಿನ್ನ ಕಾಲ ಸವೀತಾವೇನು?"

ಕಾಲು ಸವೆಯುವುದಿಲ್ಲ. ಆ ಗಾಡಿಯ ಮೇಲೆ ನನಗೆ ಆಸೆಯೂ ಇತ್ತು, ಸುಳ್ಳು ಏಕೆ ಹೇಳಲಿ. ಆದರೆ ದಿನಾ ಮುಂಜಾನೆ ರಸ್ತೆಯಲ್ಲಿ ನಿಂತು ಇನ್ನೊಬ್ಬ ಇಳಿಯುವುದನ್ನು ಕಾಯಬೇಕು. ದಿನಾ ಮುಂಜಾನೆ ಸೂಗಪ್ಪನನ್ನು ಮತ್ತೊಮ್ಮೆ ಸಾಯಿಸಬೇಕು. ಅದು ನನ್ನಿಂದ ಆಗದು.

ಬಸ್ ಹಿಡಿದು ಕಮಲಾಪುರಕ್ಕೆ ಹೋದೆ. ಅಲ್ಲಿ ಝಹೀರ್ ಎನ್ನುವವನ ಮೂರು ಹಳೆಯ ಲಾರಿ ಇವೆ, ಬಾಳೆಗೊನೆ ಹೊರುತ್ತವೆ ಎಂದು ಕೇಳಿದ್ದೆ. ಗಾಡಿ ನೋಡಿದೆ. ಸೀಟಿನ ಸ್ಪಂಜು ಹೊರಗೆ ಬಂದಿತ್ತು.

"ಪುರಾನಾ ಗಾಡಿ ಅದ ಅಕ್ಕಾ," ಎಂದ ಝಹೀರ್. "ಎರಡನೇ ಗೇರ್ ಬೈದ್ರ ಮಾತ್ರ ಬೀಳ್ತದ."

"ಬೈತೀನಿ. ಮುಂಜಾನೆ ನಿಂಬಿಹಣ್ಣ ಯಾರಿಡ್ತಾರ?"

"ಹೊಡಿಯೋರು ಇಡ್ತಾರ. ನಾ ಯಾಕ ಬಗ್ಗಲಿ? ಕಮರ್ ನೋಯ್ತದ," ಎಂದು ಸೊಂಟ ಹಿಡಿದ.

"ನನ್ನ ಗಂಡ ಸತ್ತಾನ."

"ಅರೆರೆ. ಡ್ರೈವರ್ ಇದ್ನೇನು?"

"ಹೌದು."

"ಅಲ್ಲಾ ಜನ್ನತ್ ಕೊಡ್ಲಿ. ಲೈಸೆನ್ಸ್ ತಂದೀರೇನು?"

ಅಷ್ಟೇ ಕೇಳಿದ. ಈ ಹಳೆಯ ಗಾಡಿಯೇ ಸಾಕು ಎಂದುಕೊಂಡೆ.

ಮೊದಲ ದಿನ ನಿಂಬೆಹಣ್ಣು ನಾನೇ ಇಟ್ಟೆ. ಚಹಾ ಅಂಗಡಿಯ ಜನ ಲೋಟ ಹಿಡಿದು ಎದ್ದು ನಿಂತು ನೋಡಿದರು. ಒಬ್ಬ ಮುದುಕಿ ಮುಖ ತಿರುಗಿಸಿದಳು. ಹಣ್ಣಿನ ಮೇಲೆ ಗಾಲಿ ಹತ್ತಿಸಿ ಹೊರಟೆ.

ಕಲಬುರಗಿಯ ಮಾರ್ಕೆಟ್ಟಿನಲ್ಲಿ ಗೊನೆ ಇಳಿಸುತ್ತಿರುವಾಗ ಅಣವೀರಪ್ಪ ಸಾವಕಾರರ ಫೋನ್ ಬಂತು.

"ಹೊಸ ಗಾಡಿ ಖಾಲಿ ನಿಂತದ ತಂಗಿ. ಆ ಕಮಲಾಪುರದ ಡಬ್ಬಿ ಗಾಡಿ ಬಿಟ್ಟು ಬಾ."

"ಗೇಟಿನ ಒಳಗ ಹತ್ತಿಸ್ತೀರೇನ್ರಿ?"

"ಅದೊಂದು ಬಿಟ್ಟು ಏನರೇ ಕೇಳು."

"ಅದೊಂದೇ ಕೇಳಾಕತ್ತೀನ್ರಿ."

ಫೋನ್ ಇಟ್ಟೆ.

ಗೊನೆ ಎಲ್ಲ ಇಳಿದ ಮೇಲೆ ಗಾಡಿ ತಿರುಗಿಸಿದೆ. ಮಾರ್ಕೆಟ್ಟಿನ ಬಾಯಿಗೆ ಒಬ್ಬನು ಟಂಟಂ ಆಟೋ ತಂದು ಅಡ್ಡ ನಿಲ್ಲಿಸಿ ಹಾರ್ನ್ ಹೊಡೆದ.

"ಹಿಂದಕ ತಗೋರಿ ಅಕ್ಕಾ!"

"ನೀ ತಗೋ," ಎಂದೆ. "ನಾ ಕಮಲಾಪುರಕ್ಕ ಹೊಂಟೀನಿ."