ಗೊಂಬೆಯ ಮೈಮೇಲಿನ ಅಂಗಿ

ನಾನು ಅಜ್ಜಿಯಾದೆ! ಭದ್ರಾವತಿಯಲ್ಲಿ ಮಗಳು ಹೆಣ್ಣುಕೂಸು ಹೆತ್ತ ಬೆಳಿಗ್ಗೆಯೇ ಶಿವಮೊಗ್ಗದ ಬಸ್ಸು ಹತ್ತಿದೆ. ಸೆಂಟಿನಿಂದ ಸೀರೆವರೆಗೆ ಎಲ್ಲ ಸಿಗುವ ಅಲ್ಲಿನ ನಾಲ್ಕು ಮಹಡಿ ಅಂಗಡಿಯನ್ನು ಶುರುವಾದಾಗ ಬರೀ ನೋಡಿ ಬಂದಿದ್ದೆ. ಮೊಮ್ಮಗಳ ಮೊದಲ ಅಂಗಿ ಅಲ್ಲಿಯದೇ ಆಗಬೇಕಿತ್ತು. ಹೋದರೆ ಅಂಗಡಿಯನ್ನೇ ಮುಚ್ಚುತ್ತಿದ್ದಾರೆ, ಕಪಾಟೆಲ್ಲ ಖಾಲಿ! ಕೂಸಿನ ಅಂಗಿ ಒಂದಾದರೂ ಉಳಿದಿದೆಯಾ ಎಂದು ಕೇಳಿದೆ.

“ಆ ಪುಟ್ಟ ಗೊಂಬೆ ಮೈಮೇಲಿರೋದೊಂದೇ ಅಜ್ಜಿ. ಅದೂ ಹಳೇದಾಗಿದೆ,” ಎಂದಳು ಅಂಗಡಿಯ ಹುಡುಗಿ.

ನಮ್ಮ ಮನೆಯ ಪದ್ಧತಿ ನನಗೆ ಆಗ ನೆನಪಾಯಿತು. “ಹಳೇದೇ ಬೇಕು ಮಾರಾಯ್ತಿ! ನಾಮಕರಣದವರೆಗೂ ಕೂಸಿಗೆ ಹೊಸ ಬಟ್ಟೆ ಹಾಕಲ್ಲ ನಾವು. ಬೇಗ ಬಿಚ್ಚು!”

ಸಂಜೆ ಆಸ್ಪತ್ರೆಯ ಕೋಣೆಯಲ್ಲೇ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಬುತ್ತಿ ಉಂಡೆವು. ಒಗೆದು ತೊಡಿಸಿದ ಆ ಅಂಗಿ ಕೂಸಿನ ಉಸಿರಿಗೆ ಏರಿಳಿಯುವುದನ್ನು ನೋಡಲು ನಾನು ತುತ್ತಿಗೊಮ್ಮೆ ಏಳುತ್ತಿದ್ದೆ.